ಫಿರಂಗಿ ಕಾಯ್ದ ಕಾಡು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಿಮ್ಮನ್ನ ಒಂದು ಮರದ ಹತ್ರ ಕರ್ಕೊಂಡು ಹೋಗ್ತೀನಿ.

ಎತ್ತರದ ಪೈನ್ ಮರ. ಬುಡದ ಹತ್ರ ಕಾಂಡಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿದಿದ್ದಾರೆ. ದೂರದಲ್ಲಿ ಫಿರಂಗಿ ಸದ್ದು, ತಲೆಯ ಮೇಲೆ ಹೆಲಿಕಾಪ್ಟರ್. ಈ ಕಾಡಿನಲ್ಲಿ ಓಡಾಡೋ ಸೈನಿಕರು ಜಗತ್ತಿನ ಯಾವ ಮೂಲೆಗೆ ಬೇಕಾದರೂ ವಿಮಾನದಿಂದ ಜಿಗಿಯೋಕೆ ತಯಾರಾಗುತ್ತಿರುವವರು. ಆದರೆ ಒಂದು ಕಾಲದಲ್ಲಿ ಈ ಬಿಳಿ ಪಟ್ಟಿ ಕಂಡ ಕೂಡಲೇ ಅವರು ಸುತ್ತು ಹಾಕಿ ಹೋಗಬೇಕಿತ್ತು. ಮರದಿಂದ 200 ಅಡಿ ಒಳಗೆ ಕಂದಕ ತೋಡುವ ಹಾಗಿಲ್ಲ, ಟೆಂಟ್ ಹಾಕುವ ಹಾಗಿಲ್ಲ, ರಸ್ತೆ ಬಿಟ್ಟು ವಾಹನ ನುಗ್ಗಿಸುವ ಹಾಗಿಲ್ಲ.

ಯಾಕೆ? ಮರದ ಮೇಲಿನ ಒಂದು ಪೊಟರೆಯಲ್ಲಿ ಸುಮಾರು 50 ಗ್ರಾಂ ತೂಕದ ಹಕ್ಕಿಯೊಂದು ಮಲಗುತ್ತೆ. ಅಷ್ಟೇ.

ಈ ಜಾಗದ ಹೆಸರು ಫೋರ್ಟ್ ಬ್ರ್ಯಾಗ್. ಅಮೆರಿಕದ ನಾರ್ತ್ ಕರೊಲಿನಾ ರಾಜ್ಯದ ಫಯೆಟ್‌ವಿಲ್ ಊರಿನ ಪಕ್ಕದಲ್ಲಿದೆ. ವಿಸ್ತೀರ್ಣ ಸುಮಾರು 1 ಲಕ್ಷ 60 ಸಾವಿರ ಎಕರೆ, ಅಂದ್ರೆ ಬೆಂಗಳೂರು ನಗರಕ್ಕಿಂತ ಸ್ವಲ್ಪ ಚಿಕ್ಕದು. ಅಮೆರಿಕದ ಹೆಸರಾಂತ 82ನೇ ಏರ್‌ಬೋರ್ನ್ ಡಿವಿಷನ್‌ನ ಮನೆ ಇದು. ಜಗತ್ತಿನ ಅತಿ ದೊಡ್ಡ ಸೇನಾ ನೆಲೆಗಳಲ್ಲಿ ಒಂದು. ಮತ್ತೆ ಅದೇ ಜಾಗ, ಅಮೆರಿಕದಲ್ಲಿ ಹೆಚ್ಚೂಕಡಿಮೆ ನಾಶವೇ ಆಗಿಹೋದ ಒಂದು ಕಾಡಿನ ಅತ್ಯುತ್ತಮ ತುಣುಕುಗಳಲ್ಲೂ ಒಂದು.

ನೂರು ವರ್ಷದಿಂದ ಗುಂಡು ಬೀಳುತ್ತಿರುವ ನೆಲದಲ್ಲಿ ಕಾಡು ಉಳಿದದ್ದು ಹೇಗೆ? ಗುಂಡು ಬೀಳದ ಕಡೆಯೆಲ್ಲ ಅದು ಹೋಗಿದ್ದು ಯಾಕೆ? ಇವತ್ತಿನ ಕಥೆ ಇದೇ.

ಎರಡು ಕರ್ನಾಟಕದಷ್ಟು ಕಾಡು

ಮೊದಲು ಮರದ ಪರಿಚಯ ಮಾಡ್ಕೊಳ್ಳೋಣ. ಲಾಂಗ್‌ಲೀಫ್ ಪೈನ್, ಉದ್ದ ಎಲೆಯ ಪೈನ್. ಇದರ ಸೂಜಿಯಂಥ ಎಲೆ ಒಂದು ಅಡಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಯುರೋಪಿನವರು ಬರುವ ಮುಂಚೆ ಅಮೆರಿಕದ ಆಗ್ನೇಯ ಭಾಗದಲ್ಲಿ, ವರ್ಜೀನಿಯಾದಿಂದ ಟೆಕ್ಸಸ್‌ವರೆಗೆ, ಸುಮಾರು 9 ಕೋಟಿ ಎಕರೆಯಲ್ಲಿ ಈ ಕಾಡು ಹರಡಿತ್ತು. ನಮ್ಮ ಇಡೀ ಕರ್ನಾಟಕ ನಾಲ್ಕೂಮುಕ್ಕಾಲು ಕೋಟಿ ಎಕರೆ ಹತ್ತಿರ. ಅಂದ್ರೆ ಹತ್ತಿರ ಹತ್ತಿರ ಎರಡು ಕರ್ನಾಟಕ. ಇಪ್ಪತ್ತನೇ ಶತಮಾನ ಮುಗಿಯೋ ಹೊತ್ತಿಗೆ ಉಳಿದದ್ದು 30 ಲಕ್ಷ ಎಕರೆಯ ಆಸುಪಾಸು. ನೂರಕ್ಕೆ ಮೂರು, ನಾಲ್ಕು ಪಾಲು.

ಈ ಮರಕ್ಕೆ ಒಂದು ವಿಚಿತ್ರ ಗುಣ ಇದೆ. ಇದಕ್ಕೆ ಬೆಂಕಿ ಬೇಕು.

ಬೀಜ ನೆಲಕ್ಕೆ ಬಿದ್ದು ಮೊಳೆಯೋಕೆ ಬರಿ ಮಣ್ಣು ಬೇಕು. ಮೇಲೆ ತರಗೆಲೆಯ ಹಾಸಿಗೆ ಇದ್ದರೆ ಬೇರು ಮಣ್ಣಿಗೆ ತಲುಪೋದಿಲ್ಲ. ಮೊಳೆತ ಸಸಿ ಕೆಲವು ವರ್ಷ ಮೇಲಕ್ಕೇ ಏಳೋದಿಲ್ಲ. ನೆಲಕ್ಕಂಟಿಕೊಂಡು, ನೋಡೋಕೆ ಒಂದು ಹುಲ್ಲಿನ ಕುಚ್ಚಿನ ಹಾಗೆ ಇರುತ್ತೆ. ಆ ವರ್ಷಗಳಲ್ಲಿ ಅದು ಮಾಡೋ ಕೆಲಸ ಎಲ್ಲ ನೆಲದ ಕೆಳಗೆ, ಬೇರಿನಲ್ಲಿ. ಬೆಂಕಿ ಬಂದರೆ ಹೊರಗಿನ ಎಲೆ ಸುಡುತ್ತೆ, ಮಧ್ಯದ ಕುಡಿ ಉಳಿಯುತ್ತೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಸರ್ರನೆ ಮೇಲಕ್ಕೆ ಏಳುತ್ತೆ, ಮುಂದಿನ ಬೆಂಕಿಯ ಕೈಗೆ ಕುಡಿ ಸಿಗದಷ್ಟು ಎತ್ತರಕ್ಕೆ. ಬೆಂಕಿಯೇ ಬರದಿದ್ದರೆ? ಓಕ್ ಮರಗಳು ಎದ್ದು ನೆರಳು ಕವಿಯುತ್ತೆ. ನೆರಳಿನಲ್ಲಿ ಈ ಸಸಿ ಸೊರಗಿ ಹೋಗುತ್ತೆ.

ಸಾವಿರಾರು ವರ್ಷ ಬೆಂಕಿ ಹಚ್ಚಿದ್ದು ಸಿಡಿಲು, ಮತ್ತೆ ಅಲ್ಲಿನ ಮೂಲನಿವಾಸಿಗಳು. ಕೆಲವೇ ವರ್ಷಕ್ಕೊಮ್ಮೆ ನೆಲಮಟ್ಟದ ಸಣ್ಣ ಬೆಂಕಿ ಹಾದುಹೋಗುತ್ತಿತ್ತು. ಅದರಿಂದಾಗಿ ಕಾಡು ದಟ್ಟವಾಗಿರಲಿಲ್ಲ, ದೂರ ದೂರ ನಿಂತ ಮರಗಳು, ಕೆಳಗೆ ಮೊಣಕಾಲೆತ್ತರದ ಹುಲ್ಲು, ಹೂವು. ಕುದುರೆ ಗಾಡಿ ಸಲೀಸಾಗಿ ಹೋಗಬಹುದಾದ ಕಾಡು.

ಇದನ್ನ ಮುಗಿಸಿದ್ದು ಯಾರು? ಒಬ್ಬರಲ್ಲ. ಮೊದಲು ರಾಳ. ಮರದ ಹಡಗುಗಳ ಕಾಲದಲ್ಲಿ ಹಲಗೆ ಸಂದಿಗೆ, ಹಗ್ಗಕ್ಕೆ ಬಳಿಯೋಕೆ ಟಾರು ಬೇಕಿತ್ತು. ಅದು ಸಿಗುತ್ತಿದ್ದದ್ದು ಪೈನ್ ಮರದಿಂದ. ಕಾಂಡಕ್ಕೆ ಕಚ್ಚು ಹಾಕಿ ರಾಳ ಇಳಿಸಿ ಟರ್ಪೆಂಟೈನ್ ಬಟ್ಟಿ ಇಳಿಸುತ್ತಿದ್ದರು. ಈ ಕೆಲಸದ ಬಹುಪಾಲು ಮಾಡಿದ್ದು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ನಾರ್ತ್ ಕರೊಲಿನಾದವರನ್ನ ಇವತ್ತಿಗೂ 'ಟಾರ್ ಹೀಲ್' ಅಂತ ಕರೀತಾರೆ. ಹಿಮ್ಮಡಿಗೆ ಟಾರು ಮೆತ್ತಿಕೊಂಡವರು ಅಂತ ಅರ್ಥ. ಆಮೇಲೆ ಮೇಯೋಕೆ ಬಿಟ್ಟ ಹಂದಿಗಳು ಸಸಿಗಳ ಬೇರು ಅಗೆದು ತಿಂದವು. ಆಮೇಲೆ ರೈಲು, ಗರಗಸದ ಮಿಲ್ಲು. 1920ರ ದಶಕದ ಹೊತ್ತಿಗೆ ಹಳೆಯ ಕಾಡು ಬಹುತೇಕ ಖಾಲಿ.

ಕೊನೆಯ ಏಟು ಕೊಟ್ಟದ್ದು ಒಳ್ಳೆ ಮನಸ್ಸಿನವರು. ಕಾಡು ಉಳಿಸಬೇಕು ಅಂದ್ರೆ ಬೆಂಕಿ ನಿಲ್ಲಿಸಬೇಕು ಅನ್ನೋದು ಅರಣ್ಯಶಾಸ್ತ್ರದ ಗಟ್ಟಿ ನಂಬಿಕೆ ಆಗಿತ್ತು. 1920ರ ದಶಕದ ಕೊನೆಗೆ 'ಡಿಕ್ಸಿ ಕ್ರುಸೇಡರ್ಸ್' ಅನ್ನೋ ತಂಡಗಳು ಟ್ರಕ್ಕಿನಲ್ಲಿ ಸಿನಿಮಾ ಯಂತ್ರ ಇಟ್ಟುಕೊಂಡು ದಕ್ಷಿಣದ ಹಳ್ಳಿ ಹಳ್ಳಿ ತಿರುಗಿ, ಕಾಡಿಗೆ ಬೆಂಕಿ ಹಾಕಬೇಡಿ ಅಂತ ಪ್ರಚಾರ ಮಾಡಿದವು. 1944ರಲ್ಲಿ ಸ್ಮೋಕಿ ಅನ್ನೋ ಕಾರ್ಟೂನ್ ಕರಡಿ ಬಂತು, ಅದೇ ಸಂದೇಶ ಹೊತ್ತು. ಉದ್ದೇಶ ಒಳ್ಳೇದೇ. ಆದರೆ ಬೆಂಕಿ ತಿಂದು ಬದುಕೋ ಕಾಡಿಗೆ ಅದು ಉಪವಾಸದ ಶಿಕ್ಷೆ.

ಈ ತಪ್ಪು ಅಮೆರಿಕದ್ದು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಿಗೆ ಜೋರಾಗುವ ಮುಂಚೆ ಹಾಕುತ್ತಿದ್ದ ಬೆಂಕಿಗೆ 'ತರಗು ಬೆಂಕಿ' ಅಂತಾನೇ ಹೆಸರು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಲಂಟಾನ ಇಡೀ ಬೆಟ್ಟ ಆವರಿಸಿದ್ದಕ್ಕೆ, ನೆಲ್ಲಿ ಮರಗಳಿಗೆ ಉಪ್ಪಿಲು ಅನ್ನೋ ಪರಾವಲಂಬಿ ಗಿಡ ಹಬ್ಬಿದ್ದಕ್ಕೆ ಆ ಬೆಂಕಿ ನಿಂತಿದ್ದೇ ಕಾರಣ ಅಂತ ಸೋಲಿಗರ ಹಿರಿಯರು ಹೇಳ್ತಾನೇ ಬಂದಿದ್ದಾರೆ.

ಯಾರಿಗೂ ಬೇಡದ ಮರಳು ನೆಲ

ಈಗ 1918ಕ್ಕೆ ಬನ್ನಿ. ಮೊದಲ ಮಹಾಯುದ್ಧ. ಅಮೆರಿಕದ ಸೇನೆಗೆ ಫಿರಂಗಿ ತರಬೇತಿಗೆ ದೊಡ್ಡ ಬಯಲು ಬೇಕು. ನೀರಿರಬೇಕು, ರೈಲು ಹತ್ತಿರ ಇರಬೇಕು, ಚಳಿಗಾಲದಲ್ಲೂ ಅಭ್ಯಾಸ ನಡೀಬೇಕು. ಸಿಕ್ಕಿದ್ದು ಸ್ಯಾಂಡ್‌ಹಿಲ್ಸ್, ಮರಳು ಗುಡ್ಡಗಳ ಸೀಮೆ. ಬೇಸಾಯಕ್ಕೆ ಬಡ ಭೂಮಿ, ಬೆಲೆಯೂ ಕಡಿಮೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಬ್ರ್ಯಾಗ್ ಶುರುವಾಯಿತು. ಎರಡು ತಿಂಗಳಲ್ಲಿ ಯುದ್ಧವೇ ಮುಗಿದುಹೋಯಿತು!

1921ರಲ್ಲಿ ಸರ್ಕಾರ ಕ್ಯಾಂಪ್ ಮುಚ್ಚೋಕೆ ಹೊರಟಿತ್ತು. ಅಲ್ಲಿನ ಕಮಾಂಡರ್ ಆಲ್ಬರ್ಟ್ ಬೌಲಿ ಹಟ ಹಿಡಿದರು. ಯುದ್ಧ ಖಾತೆಯ ಕಾರ್ಯದರ್ಶಿಯನ್ನೇ ಸ್ಥಳಕ್ಕೆ ಕರೆಸಿ ತೋರಿಸಿದರು. ನಿರ್ಧಾರ ಬದಲಾಯಿತು. 1922ರಲ್ಲಿ ಅದು ಕಾಯಂ ಆಗಿ ಫೋರ್ಟ್ ಬ್ರ್ಯಾಗ್ ಆಯಿತು. ಬೌಲಿ ಕಾಡು ಉಳಿಸೋಕೆ ಹೋರಾಡಿದ್ದಲ್ಲ, ಫಿರಂಗಿಗಳಿಗೆ ಜಾಗ ಉಳಿಸೋಕೆ. ಆದರೆ ಆವತ್ತು ಕ್ಯಾಂಪ್ ಮುಚ್ಚಿದ್ದರೆ ಆ ನೆಲದ ಗತಿ ಬಹುಶಃ ಅಕ್ಕಪಕ್ಕದ ನೆಲದ್ದೇ ಆಗಿರುತ್ತಿತ್ತು.

ಆಮೇಲೆ ಏನಾಯಿತು ಅಂದ್ರೆ, ಫಿರಂಗಿ ಗುಂಡು ಬಿದ್ದಲ್ಲೆಲ್ಲ ಬೆಂಕಿ ಹತ್ತಿತು. ಸಿಡಿಯದೆ ಉಳಿದ ಗುಂಡುಗಳ ಭಯಕ್ಕೆ ಒಳಗೆ ಹೋಗಿ ಆರಿಸೋಕೆ ಯಾರೂ ಮುಂದಾಗಲ್ಲ. ಬೇಲಿಯ ಹೊರಗೆ ಇಡೀ ದೇಶ ಬೆಂಕಿ ಆರಿಸ್ತಾ ಇದ್ದಾಗ, ಬೇಲಿಯ ಒಳಗೆ, ಗುಂಡು ಬೀಳೋ ವಲಯದಲ್ಲಿ, ಹಳೇ ಲಯದಲ್ಲೇ ಬೆಂಕಿ ಹಾದುಹೋಗುತ್ತಿತ್ತು. ಸಿಡಿಲು ಮಾಡುತ್ತಿದ್ದ ಕೆಲಸವನ್ನ ಫಿರಂಗಿ ಮಾಡಿತು. ಅದಕ್ಕೆ ಗೊತ್ತಿಲ್ಲದೆಯೇ.

ಜೀವಂತ ಮರ ಕೊರೆಯೋ ಹಕ್ಕಿ

ಈ ಕಾಡನ್ನೇ ನಂಬಿಕೊಂಡ ಒಂದು ಮರಕುಟಿಗ ಇದೆ. ಇಂಗ್ಲಿಷಿನಲ್ಲಿ ರೆಡ್-ಕಾಕೇಡೆಡ್ ವುಡ್‌ಪೆಕರ್. ಗಂಡಿನ ತಲೆಯ ಪಕ್ಕ ಒಂದು ಎಳೆ ಕೆಂಪು ಇರುತ್ತೆ, ದುರ್ಬೀನು ಹಿಡಿದರೂ ಕಾಣೋದು ಕಷ್ಟ.

ಬೇರೆ ಮರಕುಟಿಗಗಳು ಒಣಗಿದ ಮರ ಕೊರೆಯುತ್ತವೆ, ಮೆತ್ತಗಿರುತ್ತೆ ಅಂತ. ಇದು ಜೀವಂತ ಪೈನ್ ಮರವನ್ನೇ ಕೊರೆಯುತ್ತೆ. ಅದಕ್ಕೆ ಹಳೇ ಮರ ಬೇಕು, ಸಾಮಾನ್ಯವಾಗಿ 80 ವರ್ಷ ದಾಟಿದ್ದು, ಯಾಕಂದ್ರೆ ಆ ವಯಸ್ಸಿಗೆ ಒಂದು ಶಿಲೀಂಧ್ರ ಒಳಗಿನ ತಿರುಳನ್ನ ಮೆದು ಮಾಡಿರುತ್ತೆ. ಆದರೂ ಒಂದು ಪೊಟರೆ ಮುಗಿಯೋಕೆ ಒಂದು ವರ್ಷದಿಂದ ಹಲವು ವರ್ಷ ಹಿಡಿಯುತ್ತೆ. ಮನೆ ಕಟ್ಟಿ ನೋಡು ಅನ್ನೋ ಮಾತು ಈ ಹಕ್ಕಿಗೇ ಸರಿ.

ಯಾಕೆ ಇಷ್ಟು ಕಷ್ಟ? ಜೀವಂತ ಮರದಿಂದ ರಾಳ ಸುರಿಯುತ್ತೆ. ಹಕ್ಕಿ ಪೊಟರೆಯ ಸುತ್ತ ಸಣ್ಣ ಸಣ್ಣ ತೂತು ಕುಕ್ಕಿ ರಾಳ ಹರಿಸ್ತಾನೇ ಇರುತ್ತೆ. ಮರ ಹತ್ತಿ ಬರೋ ಹಾವಿಗೆ ಆ ಅಂಟು ದಾಟೋಕೆ ಆಗಲ್ಲ. ಸಂಸಾರವೂ ನಮ್ಮ ಕೂಡು ಕುಟುಂಬದ ಹಾಗೆ: ದೊಡ್ಡವರಾದ ಮಕ್ಕಳು, ಹೆಚ್ಚಾಗಿ ಗಂಡುಗಳು, ಅಪ್ಪ ಅಮ್ಮನ ಜೊತೆಗೇ ಉಳಿದು ತಮ್ಮ ತಂಗಿಯರಿಗೆ ಗುಟುಕು ಕೊಡುತ್ತವೆ. ಹಕ್ಕಿ ಬಿಟ್ಟುಹೋದ ಪೊಟರೆಗೆ ಹಾರುವ ಅಳಿಲು, ಬೇರೆ ಹಕ್ಕಿಗಳು ಬಾಡಿಗೆ ಇಲ್ಲದೆ ಬಂದು ಸೇರಿಕೊಳ್ಳುತ್ತವೆ.

ಹಳೇ ಮರ ಹೋಯಿತು, ಹಕ್ಕಿಯೂ ಹೋಯಿತು. 1970ರಲ್ಲಿ ಇದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಆ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಉಳಿದಿದ್ದದ್ದು ಸುಮಾರು 1,470 ಗುಂಪು. ಆ ಉಳಿದವುಗಳಲ್ಲಿ ದೊಡ್ಡದೊಂದು ಪಾಲು ಇದ್ದದ್ದು ಎಲ್ಲಿ? ಸೇನೆಯ ಜಾಗಗಳಲ್ಲಿ.

1990: ಹಕ್ಕಿ ಮತ್ತು ಸೇನೆ ಮುಖಾಮುಖಿ

ಇಲ್ಲಿವರೆಗೂ ಸೇನೆ ಮಾಡಿದ ಒಳ್ಳೇದು ಆಕಸ್ಮಿಕ. ಆಕಸ್ಮಿಕಕ್ಕೆ ಒಂದು ಮಿತಿ ಇರುತ್ತೆ. ಗುಂಡು ಬೀಳೋ ವಲಯದ ಹೊರಗೆ ಬೆಂಕಿ ಸಾಲದೆ ಓಕ್ ಗಿಡಗಳು ಎದ್ದಿದ್ದವು. ಭಾರೀ ವಾಹನಗಳು ಬೇರು ತುಳಿಯುತ್ತಿದ್ದವು.

1990ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ತನ್ನ ಅಭಿಪ್ರಾಯ ಕೊಟ್ಟಿತು: ಫೋರ್ಟ್ ಬ್ರ್ಯಾಗ್‌ನಲ್ಲಿ ಸೇನೆಯ ಚಟುವಟಿಕೆ ಹೀಗೇ ನಡೆದರೆ ಈ ಹಕ್ಕಿಯ ಉಳಿವಿಗೇ ಕುತ್ತು. 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಸೇನೆಗೂ ಅನ್ವಯ ಆಗುತ್ತೆ. ತರಬೇತಿಗೆ ಕಡಿವಾಣ ಬಿತ್ತು. ಬಿಳಿ ಪಟ್ಟಿ, 200 ಅಡಿ ನಿಯಮ ಎಲ್ಲ ಬಿಗಿಯಾದದ್ದು ಆಗ.

ಸೈನಿಕರಿಗೆ ಸಿಟ್ಟು ಬರೋದು ಸಹಜ. ನಿಜವಾದ ಯುದ್ಧದಲ್ಲಿ ಯಾವ ಮರಕ್ಕೂ ಬಿಳಿ ಪಟ್ಟಿ ಇರಲ್ಲ. ಹಕ್ಕಿಗೆ ಹೆದರಿ ಸುತ್ತು ಹಾಕೋದನ್ನ ಕಲಿತ ಹುಡುಗ ರಣರಂಗದಲ್ಲಿ ಏನು ಮಾಡಬೇಕು? ಈ ಪ್ರಶ್ನೆಯನ್ನ ತಮಾಷೆ ಅಂತ ತಳ್ಳಿಹಾಕೋ ಹಾಗಿಲ್ಲ. ಆ ಹುಡುಗನ ಜೀವದ ಪ್ರಶ್ನೆ ಅದು.

ಕೊನೆಗೆ ಸೇನೆಗೆ ಹೊಳೆದ ಲೆಕ್ಕ ಸರಳ. ಹಕ್ಕಿ ಕಡಿಮೆ ಇರೋವರೆಗೆ ನಿರ್ಬಂಧ ಇರುತ್ತೆ. ಹಕ್ಕಿ ಹೆಚ್ಚಾದರೆ ನಿರ್ಬಂಧ ಹೋಗುತ್ತೆ. ಹಾಗಾದರೆ ಹಕ್ಕಿ ಹೆಚ್ಚಿಸೋಣ!

ಮೂರು ವರ್ಷಕ್ಕೊಮ್ಮೆ ಸರದಿಯಲ್ಲಿ ಇಡೀ ಕಾಡಿಗೆ ಉದ್ದೇಶಪೂರ್ವಕವಾಗಿ ಬೆಂಕಿ ಹಾಕೋ ಪದ್ಧತಿ ಬಂತು, ಅದೂ ಗಿಡ ಚಿಗುರೋ ಕಾಲದಲ್ಲಿ. ಯಾಕಂದ್ರೆ ಅಲ್ಲಿನ ವೈರ್‌ಗ್ರಾಸ್ ಅನ್ನೋ ಹುಲ್ಲು ಆ ಕಾಲದಲ್ಲಿ ಸುಟ್ಟರೆ ಮಾತ್ರ ಚೆನ್ನಾಗಿ ಹೂ ಬಿಟ್ಟು ಬೀಜ ಕಟ್ಟುತ್ತೆ. ಇನ್ನು ಪೊಟರೆ. ಹಕ್ಕಿಗೆ ವರ್ಷಗಟ್ಟಲೆ ಹಿಡಿಯೋ ಕೆಲಸವನ್ನ ಮನುಷ್ಯರು ಗಂಟೆಗಳಲ್ಲಿ ಮಾಡೋದು ಹೇಗೆ ಅಂತ ಇದೇ ಸ್ಯಾಂಡ್‌ಹಿಲ್ಸ್‌ನಲ್ಲಿ ಸಂಶೋಧಕಿ ಕ್ಯಾರೊಲ್ ಕೋಪಿಯನ್, ವಿಜ್ಞಾನಿ ಜೆಫ್ರಿ ವಾಲ್ಟರ್ಸ್ ತೋರಿಸಿಕೊಟ್ಟರು. ಮರಕ್ಕೆ ಡ್ರಿಲ್ ಹಾಕಿ ಪೊಟರೆ ಮಾಡಿಟ್ಟರೆ, ಹಕ್ಕಿಗಳು ಬಂದು ಹೊಸ ಸಂಸಾರ ಹೂಡಿದವು. 1989ರಲ್ಲಿ ಹ್ಯೂಗೊ ಚಂಡಮಾರುತ ಪಕ್ಕದ ಸೌತ್ ಕರೊಲಿನಾದ ಒಂದು ಕಾಡಿನಲ್ಲಿ ಪೊಟರೆ ಮರಗಳನ್ನ ಬಹುಪಾಲು ಉರುಳಿಸಿದಾಗ, ಅಲ್ಲೂ ಹಕ್ಕಿಗಳನ್ನ ಉಳಿಸಿದ್ದು ಕೃತಕ ಪೊಟರೆಗಳೇ.

2006ರಲ್ಲಿ ಫೋರ್ಟ್ ಬ್ರ್ಯಾಗ್ ಮತ್ತು ಸುತ್ತಲಿನ ಕಾಡು ತನ್ನ ಗುರಿ ಮುಟ್ಟಿತು: ಮರಿ ಮಾಡಬಲ್ಲ 350 ಗುಂಪುಗಳು. ಅಂದುಕೊಂಡದ್ದಕ್ಕಿಂತ ಐದು ವರ್ಷ ಮುಂಚೆ. ನಿರ್ಬಂಧಗಳು ಸಡಿಲವಾದವು. 2024ರ ಅಕ್ಟೋಬರ್‌ನಲ್ಲಿ, ದೇಶದಲ್ಲಿ ಸುಮಾರು 7,800 ಗುಂಪುಗಳಿದ್ದಾಗ, ಈ ಹಕ್ಕಿಯನ್ನ 'ಅಳಿವಿನಂಚಿನ' ವರ್ಗದಿಂದ ಒಂದು ಮೆಟ್ಟಿಲು ಕೆಳಗಿನ 'ಅಪಾಯದಲ್ಲಿರುವ' ವರ್ಗಕ್ಕೆ ಇಳಿಸಿದರು. ಇಳಿಸಿದ್ದು ಅನ್ನೋದು ಇಲ್ಲಿ ಸಿಹಿ ಸುದ್ದಿ.

ಬೇಲಿಯ ಹೊರಗೆ

ಹಕ್ಕಿಗೆ ಬೇಲಿ ಗೊತ್ತಿಲ್ಲ. ಪಕ್ಕದ ಖಾಸಗಿ ಜಮೀನಿಗೂ ಹೋಗುತ್ತೆ. ಅಲ್ಲಿ ಇನ್ನೊಂದು ಕಥೆ. ನಿಮ್ಮ ಜಮೀನಿನಲ್ಲಿ ಈ ಹಕ್ಕಿ ಗೂಡು ಮಾಡಿದರೆ ಮರ ಕಡಿಯೋ ಹಾಗಿಲ್ಲ. ಹಾಗಾಗಿ ಜನ ಏನು ಮಾಡಿದರು? ಹಕ್ಕಿ ಬರೋಕೆ ಮುಂಚೆಯೇ, ಮರ ಹಳೆಯದಾಗೋಕೆ ಮುಂಚೆಯೇ ಕಡಿದರು. ಕಾಪಾಡೋಕೆ ಮಾಡಿದ ಕಾಯ್ದೆಯ ಹೆದರಿಕೆಗೇ ಕಾಡು ಹೋಗುತ್ತಿತ್ತು.

1995ರಲ್ಲಿ ಇದೇ ಸ್ಯಾಂಡ್‌ಹಿಲ್ಸ್‌ನಲ್ಲಿ 'ಸೇಫ್ ಹಾರ್ಬರ್' ಅನ್ನೋ ಒಪ್ಪಂದ ಹುಟ್ಟಿತು. ತಿರುಳು ಇಷ್ಟೇ: ಈಗ ನಿಮ್ಮಲ್ಲಿ ಎಷ್ಟು ಹಕ್ಕಿ ಇದೆಯೋ ಅಷ್ಟನ್ನ ಕಾಪಾಡಿ. ನೀವು ಕಾಡು ಚೆನ್ನಾಗಿ ನೋಡಿಕೊಂಡಿದ್ದರಿಂದ ಹೆಚ್ಚು ಬಂದರೆ, ಆ ಹೆಚ್ಚಿಗೆ ಹೊಸ ಕಟ್ಟುಪಾಡು ಇಲ್ಲ. ಗಾಲ್ಫ್‌ಗೆ ಹೆಸರಾದ ಪೈನ್‌ಹರ್ಸ್ಟ್ ರೆಸಾರ್ಟ್ ಮೊದಲು ಸಹಿ ಹಾಕಿದವರಲ್ಲಿ ಸೇರಿತ್ತು. ಆಮೇಲೆ ಈ ಮಾದರಿ ಬೇರೆ ಜೀವಿಗಳಿಗೂ, ಬೇರೆ ರಾಜ್ಯಗಳಿಗೂ ಹೋಯಿತು.

ಸೇನೆಯೂ ಹೊರಗಿನ ಜಮೀನಿನ ಕಡೆ ನೋಡಿತು. ನೆಲೆಯ ಗೋಡೆವರೆಗೂ ಬಡಾವಣೆಗಳು ಬಂದರೆ ಹಕ್ಕಿಗೂ ತೊಂದರೆ, ಫಿರಂಗಿಗೂ ತೊಂದರೆ. ಸದ್ದಿಗೆ ದೂರು, ಹೊಗೆಗೆ ದೂರು. ಹಾಗಾಗಿ ನೇಚರ್ ಕನ್ಸರ್ವೆನ್ಸಿ ಅನ್ನೋ ಸಂಸ್ಥೆಯ ಜೊತೆ ಸೇರಿ ಸುತ್ತಲಿನ ಕಾಡುಗಳನ್ನ ಕೊಂಡು, ಅಥವಾ ಅಲ್ಲಿ ಮನೆ ಕಟ್ಟದ ಹಾಗೆ ಒಪ್ಪಂದ ಮಾಡಿಕೊಂಡು ಉಳಿಸಿದರು. ಇಲ್ಲಿ ಕಲಿತದ್ದು ಮುಂದೆ ಅಮೆರಿಕದ ಇತರ ಸೇನಾ ನೆಲೆಗಳಿಗೂ ಹೋಯಿತು.

ಗುಂಡು ಬೀಳೋ ಜಾಗದ ಚಿಟ್ಟೆ

ಒಂದು ಚಿಟ್ಟೆಯ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಸೇಂಟ್ ಫ್ರಾನ್ಸಿಸ್ ಸ್ಯಾಟಿರ್. ಕಂದು ಬಣ್ಣದ ಪುಟ್ಟ ಚಿಟ್ಟೆ, ರೆಕ್ಕೆ ಮೇಲೆ ಕಣ್ಣಿನಂಥ ಚುಕ್ಕಿ. 1983ರಲ್ಲಿ ಇಲ್ಲೇ ಪತ್ತೆಯಾಯಿತು. ಇವತ್ತಿಗೂ ಜಗತ್ತಿನಲ್ಲಿ ಅದು ಬದುಕಿರೋದು ಇದೊಂದೇ ಜಾಗದಲ್ಲಿ, ಮುಖ್ಯವಾಗಿ ಫಿರಂಗಿ ಗುಂಡು ಬೀಳೋ ವಲಯದಲ್ಲಿ.

ನಿಕ್ ಹ್ಯಾಡಡ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಮೊದಲು ಅವರೂ ಎಲ್ಲರ ಹಾಗೇ ಯೋಚಿಸಿದ್ದರು: ಚಿಟ್ಟೆ ಇರೋ ಜೌಗನ್ನ ಯಾರೂ ಮುಟ್ಟದ ಹಾಗೆ ಕಾಪಾಡಿದರೆ ಸಾಕು. ಹಾಗೆ ಕಾಪಾಡಿದ ಜಾಗಗಳಲ್ಲೇ ಚಿಟ್ಟೆ ಒಂದೊಂದಾಗಿ ಮಾಯವಾಯಿತು. ಗುಂಡು ಬಿದ್ದು ಸುಡುವ ಕಡೆ ಉಳಿಯಿತು. ಅದರ ಮರಿಹುಳು ತಿನ್ನೋ ಜೊಂಡಿನಂಥ ಹುಲ್ಲಿಗೆ ತೆರೆದ ಜೌಗು ಬೇಕು. ಆ ಜೌಗನ್ನ ಮಾಡೋದು ತೊರೆಗೆ ಅಡ್ಡ ಕಟ್ಟೆ ಕಟ್ಟೋ ಬೀವರ್‌ಗಳು, ಪೊದೆ ಬೆಳೆಯದ ಹಾಗೆ ತೆರೆದಿಡೋದು ಬೆಂಕಿ. ಪ್ರವಾಹ, ಬೆಂಕಿ ಬಂದಾಗ ಕೆಲವು ಚಿಟ್ಟೆ ಸಾಯುತ್ತವೆ. ಬರದಿದ್ದರೆ ಎಲ್ಲವೂ ಸಾಯುತ್ತವೆ. ನಾನು ತಪ್ಪು ತಿಳಿದಿದ್ದೆ ಅಂತ ಹ್ಯಾಡಡ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2011ರಿಂದ ಅವರ ತಂಡ ಮರ ಕಡಿದು, ತೊರೆಗೆ ತಡೆ ಹಾಕಿ ಜೌಗು ಮಾಡಿದ ಮೇಲೆ ಚಿಟ್ಟೆ ಮತ್ತೆ ಹೆಚ್ಚಾಯಿತು.

ಹಾಗಂತ ಫಿರಂಗಿಗೆ ಹಾರ ಹಾಕಬೇಕಾ?

ನಿಲ್ಲಿ. ಸೇನೆ ಬಂದರೆ ಕಾಡು ಉಳಿಯುತ್ತೆ ಅಂತ ಈ ಕಥೆಯಿಂದ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತೆ.

ಫೋರ್ಟ್ ಬ್ರ್ಯಾಗ್ ಒಳಗೆ ಕಾಡಿನ ನಡುವೆ ಹಳೇ ಸ್ಮಶಾನಗಳಿವೆ. ಲಾಂಗ್ ಸ್ಟ್ರೀಟ್ ಅನ್ನೋ ಹತ್ತೊಂಬತ್ತನೇ ಶತಮಾನದ ಒಂದು ಚರ್ಚ್ ಇದೆ. ಸ್ಕಾಟ್ಲೆಂಡಿನಿಂದ ವಲಸೆ ಬಂದವರ ಮನೆತನಗಳು ಅಲ್ಲಿ ತಲೆಮಾರುಗಳಿಂದ ಇದ್ದವು. 1918ರಲ್ಲಿ ಸೇನೆ ಜಮೀನು ತಗೊಂಡಾಗ ಊರು ಖಾಲಿಯಾಯಿತು. ಯಾರಿಗೂ ಬೇಡದ ನೆಲ ಅಂತ ನಾನು ಆಗ ಹೇಳಿದ್ದು ಸೇನೆಯ ಕಣ್ಣಿನಿಂದ. ಅದು ಬೇಕಾದವರು ಅಲ್ಲಿದ್ದರು.

ಪೋರ್ಟೊ ರಿಕೊದ ವಿಯೆಕೆಸ್ ದ್ವೀಪ ನೋಡಿ. ಅಮೆರಿಕದ ನೌಕಾಪಡೆ ದಶಕಗಟ್ಟಲೆ ಅಲ್ಲಿ ಬಾಂಬ್ ಅಭ್ಯಾಸ ನಡೆಸಿತು. 1999ರಲ್ಲಿ ಗುರಿ ತಪ್ಪಿದ ಬಾಂಬ್ ಡೇವಿಡ್ ಸಾನೆಸ್ ಅನ್ನೋ ಸ್ಥಳೀಯ ಕಾವಲುಗಾರನನ್ನ ಕೊಂದಿತು. ಜನ ಬೀದಿಗಿಳಿದರು. 2003ರಲ್ಲಿ ನೌಕಾಪಡೆ ಹೊರಟಿತು, ಜಾಗ ವನ್ಯಜೀವಿ ಧಾಮ ಆಯಿತು. ಸಿಡಿಯದ ಬಾಂಬ್ ಹುಡುಕೋ ಕೆಲಸ ಅಲ್ಲಿ ಆಮೇಲೂ ವರ್ಷಗಟ್ಟಲೆ ನಡೆಯಿತು. 'ಧಾಮ' ಅನ್ನೋ ಬೋರ್ಡು ಹಾಕಿದ ಮಾತ್ರಕ್ಕೆ ನೆಲದ ನೋವು ಹೋಗಲ್ಲ.

ಹಾಗಾದರೆ ಫೋರ್ಟ್ ಬ್ರ್ಯಾಗ್‌ನಲ್ಲಿ ಬೇರೆ ಏನಾಯಿತು? ನೂರು ವರ್ಷದ ಈ ಕಥೆಯಲ್ಲಿ ಮೊದಲ 70 ವರ್ಷ ಕಾಡು ಉಳಿದದ್ದು ಅದೃಷ್ಟದಿಂದ. ಕೊನೆಯ 30 ವರ್ಷ ಅದು ಚೇತರಿಸಿಕೊಂಡದ್ದು ಒಂದು ಕಾನೂನಿನಿಂದ, ಆ ಕಾನೂನನ್ನ ಸೇನೆಯ ಎದುರೂ ಹಿಡಿದು ನಿಂತ ಒಂದು ಇಲಾಖೆಯಿಂದ, ಮತ್ತೆ ಹಕ್ಕಿಯನ್ನ ಶತ್ರು ಅಂತ ನೋಡೋದು ಬಿಟ್ಟು ಲೆಕ್ಕ ಹಾಕಿದ ಸೈನ್ಯದಿಂದ. ಇದರಲ್ಲಿ ಒಂದು ಕೈಕೊಟ್ಟರೂ ಉಳಿದದ್ದು ಸಾಲಲ್ಲ.

ಈ ನೆಲೆಗೆ ಹೆಸರಿನ ಜಗಳವೂ ಇದೆ. ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೈನ್ಯದ ಜನರಲ್ ಬ್ರಾಕ್ಸ್‌ಟನ್ ಬ್ರ್ಯಾಗ್ ಹೆಸರು ಬೇಡ ಅಂತ 2023ರಲ್ಲಿ 'ಫೋರ್ಟ್ ಲಿಬರ್ಟಿ' ಮಾಡಿದರು. 2025ರಲ್ಲಿ ಮತ್ತೆ 'ಬ್ರ್ಯಾಗ್' ಆಯಿತು, ಈ ಸಲ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ರೋಲಂಡ್ ಬ್ರ್ಯಾಗ್ ಅನ್ನೋ ಸೈನಿಕನ ಹೆಸರಿನಲ್ಲಿ. ಬೋರ್ಡು ಎರಡು ವರ್ಷದಲ್ಲಿ ಎರಡು ಸಲ ಬದಲಾಯಿತು. ಆದರೆ ಇವತ್ತು ಅಲ್ಲಿ ಮೊಳೆಯೋ ಒಂದು ಸಸಿ ಮರಕುಟಿಗಕ್ಕೆ ಮನೆ ಆಗಬೇಕಾದರೆ ಇನ್ನೂ 80 ವರ್ಷ ಬೇಕು. ಅಷ್ಟೂ ವರ್ಷ, ಮೂರು ವರ್ಷಕ್ಕೊಮ್ಮೆ, ಯಾರೋ ಒಬ್ಬರು ನೆನಪಿಟ್ಟುಕೊಂಡು ಹೋಗಿ ಬೆಂಕಿ ಹಚ್ಚಬೇಕು.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಹಿರಿಯರು ಕಾಡಿನ ಬೆಂಕಿ ಬಗ್ಗೆ ಹೇಳಿದ್ದು ಏನಾದರೂ ನೆನಪಿದ್ದರೆ ನಮಗೆ ಬರೀರಿ. ಮುಂದಿನ ವಾರ ಸಿಗೋಣ.